ದೊಡ್ಡಕ್ಕನಿಗೆ ಶಾಲು ಹೊದಿಸಿದ್ದು

"ನಂಬಿದವರ ಮೇಲೆ ಸಂಶಯ ಪಡುವುದು ಪಾಪವಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ವಿದ್ಯಾರ್ಥಿ ನಿಲಯದ ಉಸ್ತುವಾರಿ ವಹಿಸಿಕೊಂಡು ಆರು ತಿಂಗಳಾಗಿತ್ತು. ಗುರುಗಳು ಅವನ ಮುಖ ನೋಡಿದರು.

"ಯಾರ ಮೇಲೆ?"

"ಯಾರ ಮೇಲೂ ಇಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಇಷ್ಟು ಬೆವರುವುದಿಲ್ಲಪ್ಪ" ಎಂದು ಗುರುಗಳು ನಕ್ಕರು. ಆದರೆ ಕೆದಕಲಿಲ್ಲ. ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಧರ್ಮಾರ್ಥ ಹೆರಿಗೆ ಆಸ್ಪತ್ರೆಯೊಂದಿತ್ತು. ಅದಕ್ಕೊಬ್ಬ ಮೇಲ್ವಿಚಾರಕ. ಅವನು ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕತೆ ಕೇಳುತ್ತ ಕೇಳುತ್ತ ನೀನು ಅವನನ್ನು ಕೆಟ್ಟವನೆಂದುಕೊಂಡು ಹಾಯಾಗಿ ಇದ್ದುಬಿಡುತ್ತೀಯ. ಅವನು ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಜವಾನನನ್ನೂ ಬಹುವಚನದಲ್ಲೇ ಮಾತಾಡಿಸುವವನು. ಯಾವ ಬಾಣಂತಿಗೆ ಕಷ್ಟವಾಯಿತೆಂದು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುವವನು.

ಆ ಆಸ್ಪತ್ರೆಯಲ್ಲಿ ಒಬ್ಬ ದಾದಿ ಇದ್ದಳು. ಮೂವತ್ತೊಂದು ವರ್ಷದ ಸೇವೆ. ಹಿಂದೆ ಮುಂದೆ ಯಾರೂ ಇಲ್ಲದ ಜೀವ. ವಾರ್ಡಿಗೆ ಅಂಟಿಕೊಂಡಿದ್ದ ಒಂದು ಕೋಣೆಯೇ ಅವಳ ಮನೆ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಎಲ್ಲರಿಗೂ ಅವಳು ದೊಡ್ಡಕ್ಕ. ಮೇಲ್ವಿಚಾರಕನ ಮಗಳು ಹುಟ್ಟಿದಾಗ ಅಳಲಿಲ್ಲ. ಕೂಸಿನ ಮೈ ನೀಲಿಗಟ್ಟಿತ್ತು. ದೊಡ್ಡಕ್ಕ ಅದರ ಬಾಯಿಗೆ ಬಾಯಿಟ್ಟು ಉಸಿರೂದಿ, ಬೆನ್ನು ತಿಕ್ಕಿ, ಅಳಿಸಿಯೇ ಅವನ ಕೈಗೆ ಕೊಟ್ಟಿದ್ದಳು. ಆ ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಅವಳು ಮನೆಯಲ್ಲಿ ಜೋರಾಗಿ ನಕ್ಕಾಗಲೆಲ್ಲ ಅವನಿಗೆ ದೊಡ್ಡಕ್ಕನ ನೆನಪಾಗುತ್ತಿತ್ತು.

ಒಂದು ವರ್ಷ ಆ ಆಸ್ಪತ್ರೆಯಲ್ಲಿ ಎಳೆಗೂಸುಗಳು ಮಂಕಾಗತೊಡಗಿದವು. ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಹಾಲು ಕುಡಿಯುವುದನ್ನು ಬಿಟ್ಟು, ಕೈಕಾಲು ಸೋತು ಮಲಗಿಬಿಡುತ್ತಿತ್ತು. ಎರಡು ತಿಂಗಳಲ್ಲಿ ಮೂರು ಕೂಸುಗಳಿಗೆ ಹಾಗಾಯಿತು. ಮೂರೂ ಹೇಗೋ ಚೇತರಿಸಿಕೊಂಡವು. ಮಕ್ಕಳ ವೈದ್ಯೆಗೆ ಸಮಾಧಾನವಾಗಲಿಲ್ಲ. ಅವಳು ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿದಳು. ಮೂರು ಸಲವೂ ಕೂಸಿಗೆ ಔಷಧಿ ಕೊಟ್ಟವಳು ದೊಡ್ಡಕ್ಕ. ವೈದ್ಯೆ ಅಷ್ಟನ್ನು ಒಂದು ಕಾಗದದಲ್ಲಿ ಬರೆದು ತಂದು ಮೇಲ್ವಿಚಾರಕನ ಮೇಜಿನ ಮೇಲಿಟ್ಟಳು.

ಅವನು ಓದಿದ. ಕಾಗದವನ್ನು ಮಡಿಸಿ ಮೆಲ್ಲಗೆ ಡ್ರಾಯರಿನೊಳಗೆ ಹಾಕಿದ.

"ಡಾಕ್ಟ್ರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಪ್ರತ್ಯಕ್ಷ ಕಂಡೂ ಇಲ್ಲ. ನನಗೆ ದೊಡ್ಡಕ್ಕನ ಮೇಲೆ ನಂಬಿಕೆ ಇದೆ."

"ನನಗೂ ಇದೆ ಸಾರ್. ಪ್ರಮಾಣಿಸಿ ನೋಡಿ ಅಂತಾನೇ ನಾನೂ ಹೇಳ್ತಿರೋದು. ಏನು ಅಂತ ಗೊತ್ತಾಗೋವರೆಗೆ ಅವರ ಕೈಯಿಂದ ಔಷಧಿ ಕೊಡಿಸೋದು ಬೇಡ. ಅಷ್ಟೇ."

"ಆಯ್ತು, ನಾನೇ ಕೇಳ್ತೀನಿ. ನೀವು ಅವರ ಹತ್ರ ಈ ಮಾತು ಎತ್ತಬೇಡಿ. ಪಾಪ, ನೊಂದ್ಕೋತಾರೆ."

ಕೇಳಬೇಕೆಂದು ಅವನು ನಿಜಕ್ಕೂ ಹೊರಟ. ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲವರೆಗೆ ಹೋದ. ದೊಡ್ಡಕ್ಕ ಒಂದು ಕೂಸಿಗೆ ಎರೆದು ಮೈ ಒರೆಸುತ್ತಿದ್ದಳು. ಒರೆಸಿ, ಅದರ ಮುಖವನ್ನು ತನ್ನ ಮುಖದ ಹತ್ತಿರ, ತೀರ ಹತ್ತಿರ ತಂದುಕೊಂಡು ನೋಡಿದಳು. ಎಂಥ ಮಮತೆ ಎಂದು ಅವನ ಕಣ್ಣು ತುಂಬಿತು. ಬಾಗಿಲಲ್ಲಿ ಯಾರೋ ನಿಂತದ್ದು ಗೊತ್ತಾಗಿ ಅವಳು ತಲೆಯೆತ್ತಿ "ಯಾರು?" ಅಂದಳು. ಅವನು ಕೆಮ್ಮಿದ. "ಓ, ನೀವಾ. ತಿಂಡಿ ಆಯ್ತಾ ಸ್ವಾಮಿ?" ಅಂದಳು. "ಆಯ್ತು ದೊಡ್ಡಕ್ಕ, ನಿಮ್ಮದು?" ಎಂದವನು ಅವಳ ಉತ್ತರಕ್ಕೂ ಕಾಯದೆ ಹಿಂದಿರುಗಿದ.

ಆ ಮಾತು ಅವನ ಬಾಯಲ್ಲಿ ಬಿಸಿತುಪ್ಪವಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಹಬ್ಬ ಕಳೆಯಲಿ, ಆಮೇಲೆ ಕೇಳೋಣ. ಅವಳಿಗೆ ಮಂಡಿನೋವು, ಅದು ಇಳಿಯಲಿ, ಆಮೇಲೆ ಕೇಳೋಣ. ಹೀಗೆ ಮೂರು ವಾರ ಹೋಯಿತು. ಔಷಧಿ ಕೊಡುವ ಕೆಲಸ ದೊಡ್ಡಕ್ಕನ ಕೈಯಲ್ಲೇ ಉಳಿಯಿತು. ವೈದ್ಯೆ ಎರಡು ಸಲ ಬಂದು ನೆನಪಿಸಿದಳು. ಎರಡು ಸಲವೂ ಅವನು ಅವಳಿಗೆ ಕಾಫಿ ತರಿಸಿ ಕುಡಿಸಿ ಕಳಿಸಿದ.

ಗೋಡೆಗೂ ಕಿವಿ ಇರುತ್ತದೆ. ಆಯಾಗಳಲ್ಲಿ ಗುಸುಗುಸು ಹುಟ್ಟಿತು. ದೊಡ್ಡಕ್ಕ ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಮತ್ತೆ ಶುರುವಾಗುತ್ತಿತ್ತು. ಒಬ್ಬ ಬಾಣಂತಿ ತನ್ನ ಕೂಸನ್ನು ಅವಳ ಕೈಗೆ ಕೊಡುವುದಿಲ್ಲವೆಂದು ಸೆರಗಿನಲ್ಲಿ ಮುಚ್ಚಿಕೊಂಡಳು. ಇದು ಮೇಲ್ವಿಚಾರಕನ ಕಿವಿಗೆ ಬಿತ್ತು. ಮೂವತ್ತೊಂದು ವರ್ಷ ದುಡಿದವಳಿಗೆ ಇದೇನಾ ಮರ್ಯಾದೆ ಅನ್ನಿಸಿತು.

ಆಗ ಅವನಿಗೊಂದು ಉಪಾಯ ಹೊಳೆಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ಬಾಯಿಬಿಟ್ಟು ಆಡಲಾಗದ್ದನ್ನೆಲ್ಲ ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣಿನಲ್ಲಿ ಮುಗಿಸಿಬಿಡುವುದು. ಅವನು ದೊಡ್ಡಕ್ಕನಿಗೆ ಸನ್ಮಾನ ಇಟ್ಟ. ಆಡಳಿತ ಮಂಡಳಿಯ ಹಿರಿಯರು ಕೂಡಲೇ ಒಪ್ಪಿದರು. ಆಸ್ಪತ್ರೆಯ ಹೆಸರು ಬೀದಿಗೆ ಬೀಳುವ ಮೊದಲು ಜನರ ಬಾಯಿ ಮುಚ್ಚಿದರೆ ಅವರಿಗೂ ಅಷ್ಟೇ ಬೇಕಾಗಿತ್ತು.

ಶಾಲು ಹೊದಿಸಲು ಅವನು ಕರೆದದ್ದು ಆ ವೈದ್ಯೆಯನ್ನೇ. ಅವಳಿಗೂ ದೊಡ್ಡಕ್ಕನಿಗೂ ನಡುವೆ ಮನಸ್ತಾಪವೇನೂ ಇಲ್ಲವೆಂದು ಊರಿಗೆ ಗೊತ್ತಾಗಲಿ ಎಂದು ಅವನ ಆಸೆ. ವೈದ್ಯೆ ಒಲ್ಲೆನೆಂದಳು. ಅವನು ಅವಳ ಮುಂದೆ ಕೈಜೋಡಿಸಿದ. ತಂದೆಯ ವಯಸ್ಸಿನವನು ಕೈಮುಗಿದು ನಿಂತರೆ ಅವಳಾದರೂ ಏನು ಮಾಡಿಯಾಳು? ಸಭೆಯ ಮುಂದೆ ಬಂದು, ದೊಡ್ಡಕ್ಕನ ಹೆಗಲಿಗೆ ಶಾಲು ಹೊದಿಸಿ, ತಲೆ ತಗ್ಗಿಸಿ ಹೋಗಿ ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು. ಮೇಲ್ವಿಚಾರಕ ಎಷ್ಟೋ ವಾರಗಳ ಮೇಲೆ ಆ ದಿನ ಹೊಟ್ಟೆ ತುಂಬ ಉಂಡ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹೆಂಗಸರು ಗಾದೆ ಹೇಳುತ್ತಾರೆ. ಹೆರಿಗೆ ಆಸ್ಪತ್ರೆ ನಡೆಸುವವನಿಗೇ ಅದು ನೆನಪಾಗಲಿಲ್ಲ ನೋಡು.

ಸನ್ಮಾನವಾಗಿ ಒಂಬತ್ತನೆಯ ದಿನ ಇನ್ನೊಂದು ಕೂಸು ಮಂಕಾಯಿತು. ಹುಟ್ಟಿ ಆರು ದಿನದ ಹೆಣ್ಣುಕೂಸು. ಅದು ಚೇತರಿಸಿಕೊಳ್ಳಲಿಲ್ಲ. ತಾಯಿ ಇಟ್ಟಿಗೆ ಗೂಡಿನಲ್ಲಿ ದುಡಿಯುವವಳು, ಮದುವೆಯಾಗಿ ಎಂಟು ವರ್ಷ ಕಾದು ಹೆತ್ತವಳು. ಶಾಲು ಹೊದಿಸಿಕೊಂಡ ದಾದಿಯ ಕೈಗೇ ನನ್ನ ಕೂಸು ಸಿಕ್ಕಿತಲ್ಲ ಎಂದು ಅವಳು ಆರು ದಿನವೂ ನಿಶ್ಚಿಂತೆಯಿಂದ ಇದ್ದಳು. ಕೂಸನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗಲೂ, ನೀವು ಎಷ್ಟು ಮಾಡಿದಿರಿ ಎಂದು ದೊಡ್ಡಕ್ಕನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಅವಳು ಗೇಟು ದಾಟುವುದನ್ನು ಮೇಲ್ವಿಚಾರಕ ಕಿಟಕಿಯಲ್ಲಿ ನಿಂತು ನೋಡಿದ. ತಿರುಗಿದರೆ ಹಿಂದೆ ದೊಡ್ಡಕ್ಕ ನಿಂತಿದ್ದಳು. ಕೈಯಲ್ಲಿ ಔಷಧಿ ಕೊಡುವ ಸಿರಿಂಜು. ಅದನ್ನು ಮೇಜಿನ ಮೇಲಿಟ್ಟಳು.

"ಇದರ ಮೇಲಿನ ಗೆರೆ ನನಗೆ ಕಾಣಲ್ಲ ಸ್ವಾಮಿ."

ಅವನು ಸಿರಿಂಜನ್ನು ಕೈಗೆತ್ತಿಕೊಂಡು ನೋಡಿದ.

"ಒಂದು ವರ್ಷ ಆಯ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಂದಾಜಿನ ಮೇಲೆ ತುಂಬ್ತಿದ್ದೆ. ಇಷ್ಟು ವರ್ಷದ ಕೈ, ತಪ್ಪಲ್ಲ ಅಂದ್ಕೊಂಡಿದ್ದೆ. ಕೂಸುಗಳು ಮಂಕಾದಾಗ ನನ್ನ ಕೈಯೇ ಇರಬಹುದು ಅಂತ ಒಳಗೊಳಗೇ ಹೆದರ್ಕೊಂಡೆ. ಹೇಳಿದ್ರೆ ಕೆಲಸ ಹೋಗುತ್ತೆ, ಆ ಕೋಣೆ ಬಿಟ್ಟು ಎಲ್ಲಿಗೆ ಹೋಗ್ಲಿ?"

"ನನಗೊಂದು ಮಾತು ಹೇಳಬಾರದಿತ್ತಾ ದೊಡ್ಡಕ್ಕ?"

"ಹೇಳಬೇಕಿತ್ತು. ನನ್ನ ಪಾಪ ನನ್ನದೇ, ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ಆದ್ರೆ ಅವತ್ತು ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತ್ರಲ್ಲ, ಕೇಳೋಕೇ ಬಂದಿದೀರಿ ಅಂತ ನನಗೆ ಗೊತ್ತಾಯ್ತು. ಕೇಳ್ಲಿ ದೇವರೇ, ಕೇಳಿಬಿಡ್ಲಿ ಅಂದ್ಕೊಂಡೆ. ಕೇಳಿದ್ರೆ ಹೇಳಿಬಿಡ್ತಿದ್ದೆ. ನೀವು ತಿಂಡಿ ಆಯ್ತು ಅಂದು ಹೊರಟು ಹೋದ್ರಿ. ಆಮೇಲೆ ಶಾಲು ಹೊದಿಸಿಬಿಟ್ರಿ. ಊರೆಲ್ಲ ಚಪ್ಪಾಳೆ ತಟ್ಟಿದ ಮೇಲೆ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಅಳಲಿಲ್ಲ. ಅತ್ತವನು ಅವನು.

ಅದೇ ದಿನ ಅವನು ಡ್ರಾಯರಿನಿಂದ ಆ ಕಾಗದ ತೆಗೆದುಕೊಂಡು, ದೊಡ್ಡಕ್ಕನ ಕೈ ಹಿಡಿದುಕೊಂಡು, ವೈದ್ಯೆಯನ್ನೂ ಕರೆದುಕೊಂಡು ಇಟ್ಟಿಗೆ ಗೂಡಿಗೆ ಹೋದ. ತಾಯಿಯ ಮುಂದೆ ನಿಂತು ನಡೆದದ್ದನ್ನೆಲ್ಲ ನಡೆದ ಹಾಗೆ ಹೇಳಿದ. ತಾಯಿ ಕೂಗಾಡಲಿಲ್ಲ. ಒಂದೇ ಮಾತು ಕೇಳಿದಳು.

"ಇವರಿಗೆ ಕಣ್ಣು ಕಾಣಲ್ಲ ಅಂತ ನಿಮಗೆ ಯಾರಿಗೂ ಗೊತ್ತಿರ್ಲಿಲ್ವಾ?"

"ಗೊತ್ತಿರಲಿಲ್ಲಮ್ಮ" ಎಂದ. ಅದು ನಿಜ. ಆ ನಿಜ ಹೇಳುವಾಗ ಆದಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಯಾವ ಸುಳ್ಳು ಹೇಳುವಾಗಲೂ ಆಗಿರಲಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ದೊಡ್ಡಕ್ಕನೂ ಕೆಲಸ ಬಿಟ್ಟಳು, ಅವನೂ ಬಿಟ್ಟ. ಅವಳ ಕಣ್ಣಿನ ಪೊರೆ ತೆಗೆಸಿದರು. ಒಂದೊಂದು ಕಣ್ಣಿಗೆ ಅರ್ಧ ಗಂಟೆಯ ಕೆಲಸವಂತೆ. ಪಟ್ಟಿ ಬಿಚ್ಚಿದ ದಿನ ಅವನು ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಅವನ ಮನೆಯಲ್ಲಿ ಒಂದು ಕೋಣೆ ಮೊದಲಿನಿಂದಲೂ ಖಾಲಿಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಮೇಲ್ವಿಚಾರಕನನ್ನು ಬಿಟ್ಟುಕೊಡಲು ಶಿಷ್ಯನಿಗೆ ಮನಸ್ಸು ಬರಲಿಲ್ಲ.

"ಪಾಪ, ಅವನು ಅವಳನ್ನು ಅತಿಯಾಗಿ ನಂಬಿದ, ಗುರುಗಳೇ. ಅವನ ತಪ್ಪು ಅದೊಂದೇ ಅಲ್ಲವೇ?"

"ನಂಬಿದ್ದರೆ ಕೇಳುತ್ತಿದ್ದನಪ್ಪ" ಎಂದರು ಗುರುಗಳು.