ಎಕ್ಕಜ್ಜಿಯನ್ನು ಕಾದ ದುಂಬಿ

ಮಕ್ಕಳೇ, ಕುರುಚಲು ಕಾಡಿನ ಅಂಚಿಗೆ ಒಂದು ಕಲ್ಲುಗುಡ್ಡ. ಅದರ ಮೇಲೆ ಒಂದೇ ಒಂದು ಎಕ್ಕದ ಗಿಡ. ತುಂಬ ಹಳೆಯ ಗಿಡ, ಬುಡಕ್ಕೆ ಗೆದ್ದಲು ಹತ್ತಿತ್ತು. ಎಲ್ಲರೂ ಅವಳನ್ನು ಎಕ್ಕಜ್ಜಿ ಎಂದೇ ಕರೆಯುತ್ತಿದ್ದರು. ಬೇಸಿಗೆ ಶುರುವಾಗಿ ಸುತ್ತಲ ಹುಲ್ಲೆಲ್ಲ ಒಣಗಿದರೂ ಅಜ್ಜಿ ಮಾತ್ರ ಗೊಂಚಲು ಗೊಂಚಲಾಗಿ ನಸುನೇರಳೆ ಹೂ ಬಿಟ್ಟಳು.

ಗುಂಯಪ್ಪ ಎಂಬ ಕರಿ ದುಂಬಿ ಅದನ್ನು ಮೊದಲು ಕಂಡ. ಮಕರಂದ ಹಂಚಿಕೊಂಡರೆ ತನಗೆಲ್ಲಿ ಸಾಲದೋ ಎಂಬ ಭಯ ಅವನಿಗೆ.

ಒಂದು ಬೆಳಿಗ್ಗೆ ಆಚೆ ಗುಡ್ಡದಿಂದ ದುಂಬಿಯಕ್ಕ ಬಂದಳು. ಅಲ್ಲಿಯ ಎಕ್ಕದ ಪರಾಗ ಅವಳ ಕಾಲಿಗೆ ಅಂಟಿತ್ತು.

"ಗುಂಯಪ್ಪಾ, ಬಾಯಾರಿದೆ ಕಣೋ. ಒಂದು ಗುಟುಕು ಕುಡೀಲಾ?"

"ಇದು ನನ್ನ ಗಿಡ. ನಡಿ ಆಚೆ!" ಎಂದು ಅವಳ ಮೈಮೇಲೇ ಎರಗಿದ.

ಚಿಟ್ಟೆಗಳು ಬಂದವು, ಅವನ್ನೂ ಅಟ್ಟಿದ. ಆಮೇಲೆ ಯಾರೂ ಬರಲಿಲ್ಲ.

ಹೊಟ್ಟೆ ತುಂಬಿತು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ತನ್ನ ರೆಕ್ಕೆಯ ಸದ್ದೊಂದು ಬಿಟ್ಟರೆ ಇನ್ನೊಂದು ದನಿಯಿಲ್ಲ. ಹೂಗಳೂ ಒಂದೊಂದಾಗಿ ಉದುರತೊಡಗಿದವು.

"ಅಜ್ಜೀ, ಒಂದು ಕಾಯೂ ಕಚ್ಚಲಿಲ್ಲವಲ್ಲ, ಯಾಕೆ?"

"ನನ್ನ ಪರಾಗ ನನಗೇ ಆಗಿಬರೋದಿಲ್ಲ ಮಗಾ. ಬೇರೆ ಎಕ್ಕದ್ದು ಬೇಕು. ತಂದವರನ್ನ ನೀನು ಓಡಿಸಿಬಿಟ್ಟೆ."

"ಆಗಲೇ ಹೇಳಬಾರದಿತ್ತಾ?"

"ಹೇಳಿದೆ. ನಿನ್ನ ಜಗಳದ ಗದ್ದಲದಲ್ಲಿ ಕೇಳಿಸಲಿಲ್ಲ. ಈ ಬೇಸಿಗೆ ನಾನು ದಾಟೋದಿಲ್ಲ. ನನ್ನ ಬೀಜ ಗಾಳಿಗೆ ಹಾರೋದನ್ನ ನೋಡೋ ಆಸೆಯಿತ್ತು."

ಗುಂಯಪ್ಪ ಒಂದೇ ಉಸಿರಿಗೆ ಆಚೆ ಗುಡ್ಡಕ್ಕೆ ಹಾರಿದ. ಅಲ್ಲಿಯ ಎಕ್ಕದ ಮೇಲೆ ದುಂಬಿ, ಚಿಟ್ಟೆಗಳೆಲ್ಲ ಒಟ್ಟಿಗೆ ಕೂತು ಹರಟುತ್ತಿದ್ದವು. ಅವನನ್ನು ಕಂಡೊಡನೆ ಚಿಟ್ಟೆಗಳು ಹಾರಿಹೋಗಲು ರೆಕ್ಕೆ ಬಿಚ್ಚಿದವು.

"ಅಕ್ಕಾ, ತಪ್ಪಾಯ್ತು. ಅಜ್ಜಿಗೆ ಪರಾಗ ಬೇಕು," ಎಂದ.

ದುಂಬಿಯಕ್ಕ ಬೈಯಲಿಲ್ಲ. ಸರಿದು ಜಾಗ ಕೊಟ್ಟಳು. "ಹೂವಿನ ನಡುವೆ ಕಾಲಿಟ್ಟು ಎಳ್ಕೋ, ಅಂಟುತ್ತೆ. ಬೇಗ ಹೋಗು."

ಅವನು ಮಕರಂದವನ್ನು ಮುಟ್ಟಲೇ ಇಲ್ಲ. ಪರಾಗ ಹೊತ್ತು ಹಿಂದಿರುಗಿದ. ಅಷ್ಟರಲ್ಲಿ ಬಿಸಿಗಾಳಿ ಬೀಸಿಹೋಗಿತ್ತು. ಗೆದ್ದಲು ತಿಂದ ಬುಡ ಮುರಿದು ಎಕ್ಕಜ್ಜಿ ಕಲ್ಲುಗಳ ಮೇಲೆ ಒರಗಿದ್ದಳು. ಕೊನೆಯ ಗೊಂಚಲೂ ಬಾಡಿತ್ತು.

ಗುಂಯಪ್ಪ ಒಂದೊಂದು ಹೂವಿನ ಮೇಲೂ ಕೂತು ನೋಡಿದ. "ಅಜ್ಜೀ," ಎಂದು ಕರೆದ. ತಂದ ಪರಾಗ ಅವನ ಕಾಲಿನಲ್ಲೇ ಉಳಿಯಿತು.

ಈಗ ಇಡೀ ಗುಡ್ಡ ಅವನದೇ. ಬೇಕು ಎನ್ನುವವರು ಯಾರೂ ಇರಲಿಲ್ಲ.

ನೀತಿ: ಯಾರಿಗೂ ಕೊಡದೆ ಕಾದಿಟ್ಟದ್ದು ನಮಗೂ ಉಳಿಯುವುದಿಲ್ಲ, ನಮ್ಮ ಜೊತೆಗೂ ಯಾರೂ ಉಳಿಯುವುದಿಲ್ಲ.