ಹಸಿದವ್ವನ ಒಡ್ಡು

ಕವಳಿಕೊಪ್ಪದ ಮೇಲುಗಡೆ, ಹುಚ್ಚಹಳ್ಳ ಎರಡು ಗುಡ್ಡಗಳ ನಡುವೆ ಇಕ್ಕಟ್ಟಿಗೆ ಬೀಳುವ ಜಾಗದಲ್ಲಿ, ಹಳೆಯ ಕಾಲದ ಮಣ್ಣಿನ ಒಡ್ಡೊಂದು ಅಡ್ಡಲಾಗಿ ನಿಂತಿದೆ. ಒಳಮೈಗೆ ಕಲ್ಲು ಹೊದಿಸಿದ್ದಾರೆ, ಹೊರಮೈಯಲ್ಲಿ ಹುಲ್ಲು ಬೆಳೆದಿದೆ. ಬುಡದಲ್ಲಿ ಒಬ್ಬ ಮನುಷ್ಯ ತೆವಳಿ ಹೋಗುವಷ್ಟು ಅಗಲದ ಕಲ್ಲಿನ ಬಾಯಿ ಇದೆ. ಅದಕ್ಕೆ ಬಾಗಿಲಿಲ್ಲ, ಹಲಗೆಯಿಲ್ಲ, ಹಾಕಿ ತೆಗೆಯುವ ಯಾವ ಏರ್ಪಾಡೂ ಇಲ್ಲ. ಹೀಗಾಗಿ ವರ್ಷದ ಬಹುಪಾಲು ಒಡ್ಡಿನೊಳಗೆ ನೀರಿನ ಬದಲು ಆಡುಗಳು ಇರುತ್ತವೆ. ಹೊರಗಿನಿಂದ ಬಂದವರು ಇದನ್ನು ನೋಡಿ, ಕಟ್ಟಿದವರಿಗೆ ಬುದ್ಧಿ ಸಾಲಲಿಲ್ಲವೆಂದು ಒಂದು ಮಾತು ಆಡಿಯೇ ಹೋಗುತ್ತಾರೆ. ಹಸಿದವ್ವನ ಒಡ್ಡು ಎಂಬ ಹೆಸರು ಕೇಳಿದ ಮೇಲಂತೂ ಹೇಳುವುದೇ ಬೇಡ. ಯಾವಳೋ ಪಾಪದ ಹೆಣ್ಣುಮಗಳು ಇಲ್ಲಿ ಹಸಿದು ಸತ್ತಿರಬೇಕು, ಇಲ್ಲವೇ ಒಡ್ಡು ನಿಲ್ಲಲೆಂದು ಆಕೆಯನ್ನು ಬಲಿ ಕೊಟ್ಟಿರಬೇಕು ಎಂದು ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಒಡ್ಡು ಎಂದೊಡನೆ ಹೆಣ್ಣೊಬ್ಬಳನ್ನು ಕೊಲ್ಲಲೇಬೇಕೆಂಬ ಈ ಹಟ ಎಲ್ಲಿಂದ ಬಂತೋ ದೇವರೇ ಬಲ್ಲ. ಹಸಿದವ್ವ ಸಾಯಲಿಲ್ಲ. ಮೊಮ್ಮಕ್ಕಳ ಮದುವೆಯೂಟ ಉಂಡು, ಎರಡನೆಯ ಸಲ ಬಡಿಸಿಕೊಂಡು, ತುಂಬು ಬಾಳು ಬಾಳಿದಳು ಎನ್ನುತ್ತಾರೆ ಊರ ಹಿರಿಯರು.

ಹಿಂದೆ ಒಮ್ಮೆ, ದೇಸಾಯರ ಕಾಲದಲ್ಲಿ, ಕವಳಿಕೊಪ್ಪದ ಹಳ್ಳದ ಓಣಿಯ ಕೊನೆಯ ಮನೆಗೆ ಬಾಳವ್ವ ಎಂಬ ಸೊಸೆ ಬಂದಳಂತೆ. ದುಡಿಮೆಯಲ್ಲಿ ಗಟ್ಟಿಗಿತ್ತಿ, ಊಟದಲ್ಲಿ ಅದಕ್ಕಿಂತ ಗಟ್ಟಿಗಿತ್ತಿ. ಶಿವರಾತ್ರಿಯ ಉಪವಾಸವನ್ನು ಮಧ್ಯಾಹ್ನದವರೆಗೆ ಮಾಡಿ, ಉಳಿದದ್ದನ್ನು ಶಿವನ ಪಾಲಿಗೆ ಬಿಡುತ್ತಿದ್ದಳು ಎಂದು ಇಂದಿಗೂ ನಗುತ್ತಾರೆ. ಬೇರೆ ಅತ್ತೆಯಾಗಿದ್ದರೆ ರೊಟ್ಟಿ ಎಣಿಸಿ ಬುಟ್ಟಿ ಮುಚ್ಚಿಡುತ್ತಿದ್ದಳು. ಈಕೆಯ ಅತ್ತೆ ಮಾತ್ರ ಒಲೆಯ ಮುಂದೆ ಕೂತು, ಸೊಸೆ ಉಣ್ಣುವುದನ್ನು ಕಣ್ತುಂಬ ನೋಡುತ್ತ, ಕೇಳುವ ಮೊದಲೇ ಮತ್ತೊಂದು ಬಿಸಿ ರೊಟ್ಟಿ ಹಾಕುತ್ತಿದ್ದಳು. ಅಂಥ ಅತ್ತೆಯನ್ನು ಒಂದು ವರ್ಷದ ಹಸ್ತಿ ಮಳೆಯಲ್ಲಿ ಹುಚ್ಚಹಳ್ಳ ಹಾಡುಹಗಲೇ ಒಯ್ದಿತು. ಕರು ಬಿಚ್ಚಲೆಂದು ಹಿತ್ತಿಲಿಗೆ ಹೋದವಳು ತಿರುಗಿ ಬರಲಿಲ್ಲ. ಓಣಿಯ ಅರ್ಧ ಮನೆಗಳು ಅಂದು ನೆಲ ಕಚ್ಚಿದವು. ಹಳ್ಳ ಇಳಿದ ಮೇಲೆ ಊರ ಗೌಡನಾದ ವಿರುಪನಗೌಡ ದೇಸಾಯರ ವಾಡೆಗೆ ಹೋಗಿ, ಒಡ್ಡು ಕಟ್ಟಿಸುವ ಅಪ್ಪಣೆ ಪಡೆದುಕೊಂಡೇ ಬಂದನು.

ಒಡ್ಡರ ದುರಗಪ್ಪ ತನ್ನ ಜನರೊಡನೆ ಬಂದು ಬೀಡು ಬಿಟ್ಟನು. ಊರವರೂ ಮಣ್ಣು ಹೊತ್ತರು, ಬಾಳವ್ವ ಇಬ್ಬರ ಬುಟ್ಟಿ ಒಬ್ಬಳೇ ಹೊತ್ತಳು. ಕೆಲಸ ಮುಗಿದ ದಿನ ದುರಗಪ್ಪ ಎಲ್ಲರನ್ನೂ ಕರೆದು ಬುಡದ ಬಾಯಿ ತೋರಿಸಿದನಂತೆ. ಇದನ್ನು ಎಂದೂ ಮುಚ್ಚಬೇಡಿ, ಇದು ನೀರು ಕೂಡಿಡುವ ಕೆರೆಯಲ್ಲ, ಹಳ್ಳದ ಸಿಟ್ಟನ್ನು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಬಿಡುವ ಒಡ್ಡು, ನೀರು ನೆತ್ತಿ ಹತ್ತಿ ಹರಿಯಿತೆಂದರೆ ಮಣ್ಣು ನಿಲ್ಲುವುದಿಲ್ಲ ಎಂದು ತಿಳಿಸಿ ಹೋದನು. ಅವನು ಹೇಳಿದಂತೆಯೇ ಆಯಿತು. ಎಂಥ ಮಳೆ ಬಂದರೂ ಒಡ್ಡು ತುಂಬಿಕೊಳ್ಳುವುದು, ಒಂದೆರಡು ದಿನದಲ್ಲಿ ಬರಿದಾಗುವುದು. ಓಣಿಯ ಹೊಸ್ತಿಲು ನೆನೆಯಲಿಲ್ಲ. ಬಾಳವ್ವನ ಮಗಳು ಫಕೀರವ್ವ ಬೆಳೆದು ದೊಡ್ಡವಳಾದಳು, ಮದುವೆಯಾದಳು. ಅಷ್ಟು ಹೊತ್ತಿಗೆ ಊರಿಗೆ ಭಯ ಮರೆತಿತ್ತು. ಬೇಸಿಗೆಯಲ್ಲಿ ದೂರದಿಂದ ಕೊಡ ಹೊತ್ತು ತರುವ ಹೆಂಗಸರ ಕಾಲು ಸೋತಿದ್ದವು, ಅದೂ ಸುಳ್ಳಲ್ಲ. ನೆರೆಯೂರಿನವರು ತಮ್ಮ ಕೆರೆ ತುಂಬಿದಾಗಲೆಲ್ಲ ಬಾಗಿನ ಬಿಟ್ಟು, ಕವಳಿಕೊಪ್ಪದವರ ಒಡ್ಡಿಗೆ ತಳವೇ ಇಲ್ಲವೆಂದು ಆಡಿಕೊಳ್ಳುತ್ತಿದ್ದರು. ಆ ಮಾತು ಗೌಡನಿಗೆ ಮುಳ್ಳಾಯಿತು. ಒಂದು ವರ್ಷ ಮುಂಗಾರಿನ ಮೊದಲ ಮಳೆಗಳು ಮುಗಿಯುತ್ತಲೇ ಒಳಗಡೆಯಿಂದ ಬಾಯಿಗೆ ದೊಡ್ಡ ಚಪ್ಪಡಿ ನಿಲ್ಲಿಸಿ, ಸುತ್ತ ಅರಲು ಮಣ್ಣು ಮೆತ್ತಿಸಿಬಿಟ್ಟನು.

ಮಘಿ ಮಳೆಗೆ ಒಡ್ಡು ತುಂಬಿ ತುಳುಕಿತು. ಅಷ್ಟು ನೀರನ್ನು ಊರು ಕಂಡೇ ಇರಲಿಲ್ಲ. ಮುತ್ತೈದೆಯರು ಬಾಗಿನ ಬಿಟ್ಟರು, ದಂಡೆಯ ಮೇಲೆಯೇ ಊರಿಗೆಲ್ಲ ಹೋಳಿಗೆಯ ಊಟವಾಯಿತು. ನಮ್ಮ ಕಡೆ ಊಟವೆಂದರೆ ಎಲೆ ತುಂಬಿಸಿದರೆ ಮುಗಿಯಲಿಲ್ಲ, ಒತ್ತಾಯ ಮಾಡಿ ಇನ್ನೊಂದು ತಿನ್ನಿಸಿದರೇ ಬಡಿಸಿದವರಿಗೆ ಸಮಾಧಾನ. ಬಾಳವ್ವನ ಮನೆಯಲ್ಲಿ ಅಂದು ಫಕೀರವ್ವ ಬಾಣಂತಿ. ಹೊಸ ಮೊಮ್ಮಗಳು ತೊಟ್ಟಿಲಲ್ಲಿ. ಆ ಸಂತೋಷಕ್ಕೆ ಬಾಳವ್ವ ಎಂದಿಗಿಂತ ಎರಡು ಹೋಳಿಗೆ ಹೆಚ್ಚಿಗೇ ಉಂಡಿದ್ದಳು. ಗೌಡ ತಾನೇ ಹರಿವಾಣ ಹಿಡಿದು ಆಕೆಯ ಮುಂದೆ ಬಂದನು. ‘ಮಘಿ ಮಳಿ ಬಂದಷ್ಟೂ ಛಲೋ, ಮನಿ ಮಗ ಉಂಡಷ್ಟೂ ಛಲೋ. ಇನ್ನೊಂದು ತಿನ್ನು ಬಾಳವ್ವ’ ಎಂದನು. ಬಾಳವ್ವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಹಾಗೆ ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ‘ಜಾಗಾ ಇಲ್ರಿ ಗೌಡ್ರ’ ಎಂದಳು. ಹಾಗೆಂದವಳು ಎದುರಿಗೆ ದಡ ಮುಟ್ಟಿ ನಿಂತ ನೀರನ್ನು ನೋಡಿದಳು. ಉತ್ತರಿ ಮಳೆ ಬರುವುದಿತ್ತು, ಹಸ್ತಿ ಮಳೆ ಬರುವುದಿತ್ತು. ಅವನ್ನೆಲ್ಲ ಈ ಒಡ್ಡು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಯೋಚನೆ ಬಂತು. ಅತ್ತೆ ಹೋದ ಹಿತ್ತಿಲು ಕಣ್ಣ ಮುಂದೆ ನಿಂತಿತು, ಅದೇ ಮನೆಯಲ್ಲಿ ಈಗ ತೊಟ್ಟಿಲು ತೂಗುತ್ತಿತ್ತು.

ಕೈ ತೊಳೆದವಳೇ ಗೌಡನ ಬಳಿ ಹೋಗಿ ಒಡ್ಡಿನ ಬಾಯಿ ಬಿಡಿಸಿರೆಂದು ಕೇಳಿದಳು. ಗೌಡ ನಕ್ಕನು, ಪಂಕ್ತಿಯೆಲ್ಲ ನಕ್ಕಿತು. ಹೊಟ್ಟೆ ತುಂಬಿದ ಮೇಲೆ ವೈರಾಗ್ಯ ಬರುತ್ತದೆಂದು ಯಾರೋ ಚೇಷ್ಟೆ ಮಾಡಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಬಾಳವ್ವನಿಗೆ ಮೊದಲನೆಯದಷ್ಟೇ ಬರುತ್ತಿತ್ತು. ವಾದ ಮಾಡಲು ತಿಳಿಯದೆ, ‘ಇದರ ಹೊಟ್ಟಿ ಬರಿದಾಗೂಮಟ ನಾ ನನ್ನ ಹೊಟ್ಟಿಗೆ ಏನೂ ಹಾಕಂಗಿಲ್ಲ’ ಎಂದು ಹೇಳಿ ಒಡ್ಡಿನ ಮೇಲೆ ಹೋಗಿ ಕೂತಳು. ನಗು ಇನ್ನೂ ಜೋರಾಯಿತು. ಸಂಜೆಯ ರೊಟ್ಟಿ ಬಡಿಯುವ ಸದ್ದಿಗೆ ಎದ್ದು ಬರುತ್ತಾಳೆ ಎಂದುಕೊಂಡು ಎಲ್ಲರೂ ಮನೆಗೆ ಹೋದರು.

ಸಂಜೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಗೆಳತಿಯರು ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು ಒಯ್ದು ಪಕ್ಕದಲ್ಲಿಟ್ಟರು. ಬಾಳವ್ವ ಕಣ್ಣು ಮುಚ್ಚಿಕೊಂಡು, ಎಣ್ಣೆಗಾಯಿಗೆ ಏನೇನು ಹಾಕಿದ್ದೀ ಹೇಳು ಎಂದು ಕೇಳಿ, ಹೇಳಿದ್ದನ್ನೆಲ್ಲ ಆಸೆಯಿಂದ ಕೇಳಿಸಿಕೊಂಡು, ಬುಟ್ಟಿಯನ್ನು ಹಾಗೆಯೇ ತಿರುಗಿ ಕಳಿಸಿದಳು. ಹಸಿವಿಗೆ ಕಣ್ಣೀರು ಬರುತ್ತಿತ್ತು, ಅದನ್ನವಳು ಮುಚ್ಚಿಡಲಿಲ್ಲ. ಅಳುತ್ತಲೇ ಕೂತಳು. ಬೇರೆ ಯಾರಾದರೂ ಉಪವಾಸ ಕೂತಿದ್ದರೆ ಊರು ಮರೆತುಬಿಡುತ್ತಿತ್ತೋ ಏನೋ. ಬಾಳವ್ವ ಉಣ್ಣುತ್ತಿಲ್ಲವೆಂದರೆ ಅದು ಹುಡುಗಾಟದ ಮಾತಲ್ಲವೆಂದು ಒಂದೊಂದೇ ಮನೆಗೆ ಮನವರಿಕೆಯಾಯಿತು. ಆಕೆಯ ನೆನಪಾಗಿ ಬಡಿಸಿದ ರೊಟ್ಟಿ ತಾಟಿನಲ್ಲೇ ಉಳಿಯತೊಡಗಿತು. ಮೂರನೆಯ ದಿನ ಗೌಡ ಊಟಕ್ಕೆ ಕೂತಾಗ ಹೆಂಡತಿ ಬರಿ ತಾಟು ತಂದಿಟ್ಟು, ‘ಒಲಿ ಹಚ್ಚಿಲ್ರಿ. ಹೆಂಗ ಹಚ್ಚಲಿ ಹೇಳ್ರಿ’ ಎಂದಳಂತೆ. ಗೌಡ ತಾಟು ಸರಿಸಿ ಎದ್ದು ಒಡ್ಡಿಗೆ ಬಂದನು. ಬೇಸಿಗೆಯಲ್ಲಿ ನೀರಿಗೆ ಹೆಂಗಸರು ಏನು ಮಾಡಬೇಕೆಂದು ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬಾಳವ್ವ ತಡೆದು ತಡೆದು ಹೇಳಿದಳು: ‘ಒಡ್ಡಿನ ಕೆಳಗ ಬಾವಿ ತೋಡೂಣ್ರಿ, ನಾನೂ ಮಣ್ಣು ಹೊರತೇನಿ. ಮದಲ ಬಾಯಿ ಬಿಡಸ್ರಿ, ಮಾಡ ಕಪ್ಪಾಗೇತಿ.’

ಪಡುವಣದಲ್ಲಿ ನಿಜವಾಗಿಯೂ ಮೋಡ ಕಟ್ಟಿತ್ತು. ಮುಚ್ಚಿಸಿದವನು ತಾನು, ತೆಗೆಯುವವನೂ ತಾನೇ ಎಂದು ಗೌಡ ರುಮಾಲು ಬಿಚ್ಚಿಟ್ಟು ನೀರಿಗಿಳಿದನು. ಮುಳುಗಿ ಚಪ್ಪಡಿಗೆ ಹಗ್ಗ ಬಿಗಿದು ಮೇಲೆದ್ದ ಮೇಲೆ, ಎತ್ತುಗಳನ್ನು ಹೂಡಿ ದಂಡೆಯ ಮೇಲಿನಿಂದ ಎಳೆಸಿದರು. ಹಗ್ಗ ಎರಡು ಸಲ ಹರಿಯಿತು. ಮೂರನೆಯ ಸಲ ಚಪ್ಪಡಿ ಜರುಗಿ ನೀರು ಬುಸುಗುಟ್ಟುತ್ತ ಹೊರಬಿತ್ತು. ಇನ್ನಾದರೂ ಉಣ್ಣೆಂದರೆ ಬಾಳವ್ವ ಒಪ್ಪಲಿಲ್ಲ, ತಳ ಕಾಣಲಿ ಎಂದಳು. ತಳದ ಕೆಸರು ಕಂಡ ದಿನವೇ ಮಧ್ಯಾಹ್ನ ಮಳೆ ಹಿಡಿಯಿತು. ಅತ್ತೆಯನ್ನು ಒಯ್ದ ಮಳೆಗಿಂತ ದೊಡ್ಡ ಮಳೆ ಅದು. ಊರಿಗೆ ಊರೇ ಗುಡ್ಡ ಹತ್ತಿ ನಿಂತು ನೋಡಿತು. ಫಕೀರವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತಾಯಿಯನ್ನು ಒತ್ತಿ ನಿಂತಿದ್ದಳು. ಬರಿದಾಗಿದ್ದ ಒಡ್ಡು ಹುಚ್ಚಹಳ್ಳವನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತ ಹೋಯಿತು. ನೀರು ಏರಿ, ಏರಿ, ನೆತ್ತಿಗೆ ಮೊಳ ಇರುವಾಗ ನಿಂತಿತು. ಒಂದು ಮಳೆಯ ನೀರು ಮೊದಲೇ ಒಳಗಿದ್ದಿದ್ದರೆ ಏನಾಗುತ್ತಿತ್ತೆಂಬುದು ಎಲ್ಲರ ಕಣ್ಣಿಗೂ ಕಟ್ಟಿದಂತಿತ್ತು. ಗೌಡ ಬಂದು ಬಾಳವ್ವನ ಕಾಲು ಮುಟ್ಟಲು ಬಾಗಿದನು. ಆಕೆ ಅವನ ತೋಳು ಹಿಡಿದೆತ್ತಿ, ‘ಕಾಲು ಬ್ಯಾಡ್ರಿ ಗೌಡ್ರ, ರೊಟ್ಟಿ ಕೊಡಸ್ರಿ’ ಎಂದಳು. ಎಷ್ಟು ರೊಟ್ಟಿ ಉಂಡಳೆಂಬುದರಲ್ಲಿ ಹೇಳುವವರಲ್ಲಿ ಒಮ್ಮತವಿಲ್ಲ. ಅಂದಿನಿಂದ ಊರು ಆಕೆಯನ್ನು ಪ್ರೀತಿಯಿಂದ ಹಸಿದವ್ವ ಎಂದಿತು, ಒಡ್ಡಿಗೂ ಅದೇ ಹೆಸರು ನಿಂತಿತು.

ಒಡ್ಡಿನ ಕೆಳಗಿನ ಸಿಹಿನೀರ ಬಾವಿಯನ್ನು ಇಂದಿಗೂ ನೋಡಬಹುದು. ಮುಂಗಾರಿನ ಮಿರಗಾ ಮಳೆಗೆ ಮೊದಲು ಬಂದವರಿಗೆ ಇನ್ನೊಂದು ನೋಟ ಸಿಗುತ್ತದೆ. ಒಂದು ದಿನ ಗೊತ್ತು ಮಾಡಿ ಊರವರೆಲ್ಲ ಬುಟ್ಟಿ, ಗುದ್ದಲಿ ಹಿಡಿದು ಬರಿದಾದ ಒಡ್ಡಿನೊಳಗೆ ಸೇರುತ್ತಾರೆ. ಬಾಯಿಗೆ ಕಟ್ಟಿದ ಹೂಳು, ಮುಳ್ಳುಕಂಟಿಗಳನ್ನು ಸರದಿಯಂತೆ ತೆವಳಿ ಹೋಗಿ ಎಳೆದು ಹಾಕುತ್ತಾರೆ. ಹೋಳಿಗೆಯ ಬುಟ್ಟಿಗಳು ದಂಡೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಕಾಯುತ್ತಿರುತ್ತವೆ, ಮಕ್ಕಳಿಗೂ ಒಂದು ಚೂರು ಸಿಗುವುದಿಲ್ಲ. ಕೊನೆಗೆ ಹಳ್ಳದ ಓಣಿಯ ಅತಿ ಹಿರಿಯ ಅಜ್ಜಿಯನ್ನು ಕೈಹಿಡಿದು ಕರೆತರುತ್ತಾರೆ. ಆಕೆ ಕೆಸರಿನಲ್ಲೇ ಮೊಣಕಾಲೂರಿ, ಕಲ್ಲಿನ ಬಾಯಿಯೊಳಗೆ ಇಣುಕಿ, ಆಚೆ ಕಡೆ ತನ್ನ ಮನೆ ಕಾಣುವವರೆಗೂ ನೋಡುತ್ತಾಳೆ. ಕಂಡ ಮೇಲೆ ತಲೆಯೆತ್ತಿ, ‘ಇನ್ನ ಉಣ್ಣೂಣ ಬರ್ರಿ’ ಎನ್ನುತ್ತಾಳೆ.