ಹುಲಿಯ ಕಿವಿಗೆ ಒರೆಸಿದ ಸುಣ್ಣ

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಅದು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಕೆಲಸ ಕಡಿಮೆ, ಮಾತು ಜಾಸ್ತಿ. ಮೃಗಗಳಿಗೂ ಮನುಷ್ಯರಿಗೂ ಒಂದೇ ಭಾಷೆ.

ಆಗಲೂ ಹುಲಿಗೆ ಪಟ್ಟೆ ಇತ್ತು, ಮೀಸೆ ಇತ್ತು, ಬೇಕಾದಷ್ಟು ಜಂಬವೂ ಇತ್ತು. ಕಿವಿಯ ಹಿಂಭಾಗ ಮಾತ್ರ ಪೂರ್ತಿ ಕಪ್ಪಾಗಿತ್ತು.

ಒಬ್ಬ ಹುಲಿಯಮ್ಮನಿಗೆ ಮೂರು ಮರಿಗಳಿದ್ದವು. ದೊಡ್ಡದು, ನಡುವಿನದು, ಆಮೇಲೆ ಕಡೆಯದು. ಈ ಕಡೆಯದಿದೆಯಲ್ಲ, ಅದು ಮಿಡತೆ ಕಂಡರೆ ನಿಲ್ಲುತ್ತಿತ್ತು, ಹಕ್ಕಿಯ ಗರಿ ಕಂಡರೆ ನಿಲ್ಲುತ್ತಿತ್ತು, ಏನೂ ಕಾಣದಿದ್ದರೆ ಏನೂ ಕಾಣುತ್ತಿಲ್ಲವಲ್ಲ ಎಂದು ನಿಲ್ಲುತ್ತಿತ್ತು. ನಿನಗೂ ಅಂಥವರು ಯಾರೋ ಗೊತ್ತಿರಬೇಕು.

ಹುಲಿಯಮ್ಮ ಎತ್ತರದ ಹುಲ್ಲಿಗೆ ಇಳಿದರೆ ಮುಗಿಯಿತು. ಅವಳ ಪಟ್ಟೆಯೂ ಹುಲ್ಲಿನ ನೆರಳೂ ಒಂದಾಗಿ ಅವಳು ಮಾಯ. ಜಿಂಕೆಯ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದೇ, ಆದರೆ ಹೆತ್ತ ಮರಿಗಳಿಗೂ ಕಾಣಿಸದಿದ್ದರೆ? ದಿನವೂ ಯಾವುದಾದರೂ ಒಂದು ಮರಿ ಹಿಂದೆ ಉಳಿಯುತ್ತಿತ್ತು. ಯಾವುದಾದರೂ ಎಂದೆನಲ್ಲ, ಅದು ಕಡೆಯದೇ. ದಿನವೂ ಹುಲಿಯಮ್ಮ ಕೂಗಿ ಕೂಗಿ ಕರೆದು ಅದನ್ನು ಸೇರಿಸಿಕೊಳ್ಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಸೀಳುನಾಯಿಗಳ ಹಿಂಡೊಂದು ಅವಳ ಗವಿಯನ್ನು ಮೂಸಿ ಪತ್ತೆಮಾಡಿತು. ಒಂಟಿ ಮರಿ ಸಿಕ್ಕರೆ ಆ ಕಾಡುನಾಯಿಗಳು ಬಿಡುವುದುಂಟೇ? ಬಯಲಿನಾಚೆ ಬಂಡೆಗಳ ನಡುವೆ ಬೇರೆ ಗವಿಯಿತ್ತು, ಅಲ್ಲಿಗೆ ಹೋಗಲೇಬೇಕಿತ್ತು. ಆದರೆ ಬಯಲಿನ ತುಂಬ ಆಳೆತ್ತರದ ಹುಲ್ಲು. ಕೂಗಿದರೆ ಪಕ್ಕದ ದಿಬ್ಬದ ಮೇಲೆ ಕಾದು ಕೂತ ನಾಯಿಗಳಿಗೆ ಕೇಳುತ್ತದೆ. ಕೂಗದಿದ್ದರೆ ಕಡೆಯದು ಹಿಂದೆ ಉಳಿಯುತ್ತದೆ.

ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಹೋಗಬಾರದಿತ್ತೇ ಎಂದು ಕೇಳಬೇಡ. ಒಂದನ್ನು ಒಯ್ಯುವಷ್ಟರಲ್ಲಿ ಉಳಿದೆರಡು ಮರಿಗಳು ನಾಯಿಗಳ ಪಾಲಾಗುತ್ತಿದ್ದವು.

ಹುಲ್ಲನ್ನು ಬಾಗಿಸಿ ದಾರಿ ಮಾಡಿಕೊಡುತ್ತೇನೆ ಎಂದಿತು ಗಾಳಿ. ನೀನು ಬಂದರೆ ನಮ್ಮ ವಾಸನೆಯನ್ನೂ ಹೊತ್ತೊಯ್ಯುತ್ತೀಯ, ಸುಮ್ಮನಿರು ಎಂದಳು ಹುಲಿಯಮ್ಮ. ಮರದ ಮೇಲಿಂದ ದಾರಿ ಹೇಳುತ್ತೇನೆ ಎಂದಿತು ಉದ್ದ ಬಾಲದ ಮುಸುವ. ನೀನು ಬಾಯಿ ಬಿಟ್ಟರೆ ಇಡೀ ಕಾಡಿಗೆ ಡಂಗುರ, ಸುಮ್ಮನಿರು ಎಂದಳು. ಮರಿಗಳನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ ಎಂದಿತು ಹೊಳೆ. ನೀನು ಹೊತ್ತುಕೊಂಡು ಹೋದವರು ಯಾರೂ ತಿರುಗಿ ಬಂದಿಲ್ಲ, ದಯವಿಟ್ಟು ಸುಮ್ಮನಿರು ಎಂದಳು.

ಮೂವರೂ ಸುಮ್ಮನಾದರು. ಹುಲಿಯಮ್ಮ ಮರಿಗಳನ್ನು ಬೆನ್ನ ಹಿಂದಿನ ಪೊದೆಯಲ್ಲಿ ಅಡಗಿಸಿ, ಬಯಲಿನ ಅಂಚಿನಲ್ಲಿ ಅಲ್ಲಾಡದೆ ಕೂತಳು. ನಾಯಿಗಳು ಯಾವಾಗ ಮಲಗುತ್ತವೋ ಎಂದು ದಿಬ್ಬವನ್ನೇ ನೋಡುತ್ತಿದ್ದಳು. ಮಲಗಿದ ಮೇಲಾದರೂ ಏನು ಮಾಡುವುದೆಂದು ಅವಳಿಗೆ ಹೊಳೆದಿರಲಿಲ್ಲ. ಪಾಪ, ಅಷ್ಟು ದೊಡ್ಡ ಹುಲಿಗೆ ಅಳು ಬರುವಂತಾಗಿತ್ತು.

ಅದೇ ಹೊತ್ತಿಗೆ ಕಾಡು ನೋಡಲು ಕಾಡಂಚಿನ ಊರಿನ ಅಜ್ಜಿ ಚಿಕ್ಕತಾಯಮ್ಮ ಬಂದಳು. ಸೌದೆಗಲ್ಲ, ಸೊಪ್ಪಿಗಲ್ಲ, ಸುಮ್ಮನೆ ನೋಡಿಕೊಂಡು ಹೋಗಲು. ಹಾಗೆ ಕಾಡಿಗೆ ಬಂದ ಮೊದಲನೆಯವಳು ಅವಳೇ. ಕಾಡೇನು ನಿನ್ನ ಬೀಗರ ಮನೆಯೇ ಎಂದು ಊರಿನವರು ನಕ್ಕಿದ್ದರು.

ಬೀಗರ ಮನೆಗೆ ಹೋದ ಹಾಗೆಯೇ ಅವಳು ಬಂದಿದ್ದಳು ಅನ್ನು. ಸೀದಾ ಒಳಗೆ ನುಗ್ಗಲಿಲ್ಲ. ಮೊದಲ ಮರದ ಬುಡದಲ್ಲಿ ಒಂದು ಎಲೆ, ಒಂದು ಅಡಿಕೆ ಇಟ್ಟು, ಬರಬಹುದಾ ಎಂದು ಕೇಳಿ, ಉತ್ತರ ಬರುವ ತನಕ ಕಾಯೋಣವೆಂದು ಒಂದು ಕಲ್ಲಿನ ಮೇಲೆ ಕೂತು ಸಂಚಿ ಬಿಚ್ಚಿದಳು.

ಚಿಕ್ಕತಾಯಮ್ಮನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಪಕ್ಕದಲ್ಲಿ ಏನಿದ್ದರೆ ಅದಕ್ಕೆ ಒರೆಸುವುದು. ಅವಳ ಮನೆಯ ಕಂಬಕ್ಕೆ ಸುಣ್ಣ, ಬಾಗಿಲಿಗೆ ಸುಣ್ಣ, ಒಮ್ಮೆ ಕರುವಿನ ಬೆನ್ನಿಗೂ ಸುಣ್ಣ. ಸೊಸೆ ಬೈದು ಬೈದು ಸೋತಿದ್ದಳು.

ಕಲ್ಲಿನ ಪಕ್ಕ, ಹುಲ್ಲಿನ ಮಧ್ಯೆ, ಒಂದು ಮರದ ಮೋಟು ಕಂಡಿತು. ಅದಕ್ಕೆ ಎರಡು ಕಪ್ಪು ಗಂಟು. ಎಲೆ ಬಾಯಿಗೆ ಹೋಯಿತು, ಬೆರಳು ಒಂದು ಗಂಟಿಗೆ ಹೋಯಿತು. ಇನ್ನೊಂದು ಎಲೆ ಹಾಕೋಣವೆನಿಸಿತು. ಎಲೆ ಬಾಯಿಗೆ, ಬೆರಳು ಇನ್ನೊಂದು ಗಂಟಿಗೆ.

ಮೋಟು ಮೆಲ್ಲಗೆ ತಿರುಗಿ ನೋಡಿತು.

ಬೇರೆ ದಿನವಾಗಿದ್ದರೆ ಹುಲಿಯಮ್ಮನ ಗರ್ಜನೆಗೆ ಗುಡ್ಡ ನಡುಗುತ್ತಿತ್ತು. ಆವತ್ತು ದಿಬ್ಬದ ಮೇಲೆ ನಾಯಿಗಳಿದ್ದವಲ್ಲ, ಪಿಸುಗುಟ್ಟಬೇಕಾಯಿತು.

"ನನ್ನ ಕಿವಿ ಏನು ನಿಮ್ಮನೆ ಕಂಬವೇನಮ್ಮ?"

ಚಿಕ್ಕತಾಯಮ್ಮ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. "ತಪ್ಪಾಯ್ತು ಕನವ್ವ. ಹಾಳಾದ್ದು ಕೈ ರೂಢಿ. ಈಗ್ಲೇ ಒರ್ಸ್‌ಬುಡ್ತೀನಿ ತಡಿ" ಎಂದು ಸೆರಗು ಎತ್ತಿದಳು.

ಆಗ ಪೊದೆಯೊಳಗಿಂದ ಕಡೆಯ ಮರಿ ಮೂಗು ಹೊರಹಾಕಿತು.

"ಒರೆಸಬೇಡ ಅಜ್ಜಿ. ಅವ್ವ ಇಲ್ಲಿಂದ ಕಾಣಿಸ್ತಾಳೆ."

ಹುಲಿಯಮ್ಮ ಒಂದು ಕ್ಷಣ ಮರಿಯನ್ನು ನೋಡಿದಳು. ಆಮೇಲೆ ಹುಲ್ಲಿನೊಳಗೆ ಹತ್ತು ಹೆಜ್ಜೆ ಹೋಗಿ ನಿಂತಳು. ಪಟ್ಟೆ ಮಾಯವಾಯಿತು, ಬಾಲ ಮಾಯವಾಯಿತು. ಎರಡು ಬಿಳಿ ಚುಕ್ಕೆ ಮಾತ್ರ ಉಳಿದವು. ಮರಿಗಳು ಆ ಚುಕ್ಕೆಗಳನ್ನೇ ನೋಡಿಕೊಂಡು ನೇರ ಅವಳ ಹತ್ತಿರ ಬಂದವು. ಸೆರಗು ಇಳಿಸಮ್ಮ ಎಂದು ಹುಲಿಯಮ್ಮ ಚಿಕ್ಕತಾಯಮ್ಮನಿಗೆ ಸನ್ನೆ ಮಾಡಿದಳು.

ನಾಯಿಗಳು ಮಲಗಿದವು. ನಾಲ್ವರೂ ಹೊರಟರು. ಮುಂದೆ ಎರಡು ಬಿಳಿ ಚುಕ್ಕೆ, ಹಿಂದೆ ಅಲ್ಲಾಡುವ ಹುಲ್ಲು. ಚಿಕ್ಕತಾಯಮ್ಮ ಕಲ್ಲಿನ ಮೇಲೆ ಕೂತೇ ಇದ್ದಳು. ಬಾಯಲ್ಲಿ ಎಲೆಯಡಿಕೆ ಇತ್ತು, ಜಗಿಯುವುದು ಮರೆತೇಹೋಗಿತ್ತು.

ಬಯಲಿನ ಆಚೆ ಅಂಚು ಸೇರಿ ಹುಲಿಯಮ್ಮ ತಿರುಗಿ ನೋಡಿದಳು. ದೊಡ್ಡದು ಬಂದಿತ್ತು. ನಡುವಿನದು ಬಂದಿತ್ತು. ಕಡೆಯದು ಇರಲಿಲ್ಲ.

ಕೂಗು ಗಂಟಲ ತನಕ ಬಂತು. ದಿಬ್ಬದ ಮೇಲೆ ಒಂದು ನಾಯಿ ಎದ್ದು ಮೈ ಮುರಿಯುತ್ತಿತ್ತು. ಹುಲಿಯಮ್ಮ ಕೂಗನ್ನು ನುಂಗಿಕೊಂಡಳು. ಆಮೇಲೆ ಯಾವ ತಾಯಿಗೂ ಬೇಡದ ಕೆಲಸ ಮಾಡಿದಳು. ಮರಿ ಎಲ್ಲಿದೆಯೆಂದು ಹುಡುಕುವ ಕಣ್ಣನ್ನು ಆಚೆ ತಿರುಗಿಸಿ, ಬಯಲಿಗೆ ಬೆನ್ನು ಹಾಕಿ, ಕಿವಿ ನೆಟ್ಟಗೆ ಮಾಡಿಕೊಂಡು ಕೂತಳು. ತನಗೆ ಮರಿ ಕಾಣದಿದ್ದರೂ ಮರಿಗೆ ತಾನು ಕಾಣಲಿ ಎಂದು.

ಗಾಳಿ ಉಸಿರು ಬಿಗಿಹಿಡಿಯಿತು. ಮುಸುವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು.

ಎಷ್ಟು ಹೊತ್ತಾಯಿತೋ. ಬಾಲದ ತುದಿಗೆ ಏನೋ ಒದ್ದೆ ತಾಗಿತು. ಅದು ಒಂದು ಪುಟ್ಟ ಮೂಗು. ಬಾಯಲ್ಲಿ ಮಿಡತೆ ಹಿಡಿದುಕೊಂಡು, ಏನೂ ಆಗದವರ ಹಾಗೆ, ಕಡೆಯದು ಬಂದು ನಿಂತಿತ್ತು.

ಹುಲಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಬಯ್ಯಬೇಕೆಂದುಕೊಂಡಳು, ಆಗಲಿಲ್ಲ. ಮರಿಯ ಮುಖವನ್ನು ನೆಕ್ಕಿದಳು, ನೆಕ್ಕಿದಳು, ಮಿಡತೆಯನ್ನೂ ಸೇರಿಸಿ ನೆಕ್ಕಿದಳು. ಈಚೆ ಕಲ್ಲಿನ ಮೇಲೆ ಚಿಕ್ಕತಾಯಮ್ಮ ಉಸಿರು ಬಿಟ್ಟು, ಕೊನೆಗೂ ಎಲೆಯಡಿಕೆ ಜಗಿದಳು. ಅಷ್ಟು ರುಚಿಯಾದ ಎಲೆಯಡಿಕೆಯನ್ನು ತಾನು ತಿಂದೇ ಇಲ್ಲವೆಂದು ಆಮೇಲೆ ಊರಲ್ಲಿ ಹೇಳಿಕೊಂಡು ತಿರುಗಿದಳಂತೆ.

ಮಳೆಗಾಲ ಬಂತು, ಸುಣ್ಣ ತೊಳೆದುಹೋಯಿತು. ಆದರೆ ಸುಣ್ಣ ಸುಡುತ್ತದಲ್ಲ, ಅದು ತಾಗಿದ ಕಡೆ ಕೂದಲು ಬೆಳ್ಳಗೆ ಬೆಳೆದಿತ್ತು. ಮುಂದೆ ಹುಟ್ಟಿದ ಮರಿಗಳಿಗೂ ಹಾಗೇ, ಅವುಗಳ ಮರಿಗಳಿಗೂ ಹಾಗೇ.

ಆದ್ದರಿಂದ ಮಗು, ನೀನು ಹುಲಿಗಳ ಕಾಡಿಗೆ ಜೀಪಿನಲ್ಲಿ ಹೋದಾಗ, ಹುಲಿ ಮುಖ ತೋರಿಸದೆ ಬೆನ್ನು ಹಾಕಿ ಕೂತುಬಿಟ್ಟರೆ ಮುಖ ಸಣ್ಣ ಮಾಡಿಕೊಳ್ಳಬೇಡ. ಕಿವಿಗಳ ಹಿಂದೆ ಎರಡು ಬಿಳಿ ಚುಕ್ಕೆ ಕಾಣುತ್ತವೆ ನೋಡು, ಅವು ಕಂಡರೆ ಮಾತಾಡದೆ ಕಾಯಿ. ಅವಳ ಕಡೆಯ ಮರಿ ಇನ್ನೂ ಹುಲ್ಲಿನಲ್ಲಿ ಬರುತ್ತಿರುತ್ತದೆ.